ಡಿಂಗಲ್‌ನಲ್ಲಿ ನಾಲ್ಕು ರಾತ್ರಿ: ಮಕ್ಕಳ ಮನೆಗೆಂದು ಐರ್ಲೆಂಡಿಗೆ ಹೋಗುವ ದಂಪತಿಗಳಿಗೆ

ಕಾಸರಗೋಡಿನ ಕಡೆಯಿಂದ ಐರ್ಲೆಂಡಿಗೆ ಹೋಗುವ ನಮ್ಮ ವಯಸ್ಸಿನ ಗಂಡಹೆಂಡಿರಲ್ಲಿ ಹೆಚ್ಚಿನವರು ಪ್ರವಾಸಕ್ಕೆಂದು ಹೋಗುವವರಲ್ಲ. ಅಲ್ಲಿ ನರ್ಸ್ ಆಗಿಯೋ ಐಟಿ ಉದ್ಯೋಗದಲ್ಲಿಯೋ ಇರುವ ಮಗಳ ಬಾಣಂತನಕ್ಕೆ, ಇಲ್ಲವೇ ಮೊಮ್ಮಗುವನ್ನು ನೋಡಿಕೊಳ್ಳುವುದಕ್ಕೆ ಹೋಗುವವರು. ಎರಡು ಮೂರು ತಿಂಗಳು ಡಬ್ಲಿನ್ನಿನ ಯಾವುದೋ ಬಡಾವಣೆಯ ಮನೆಯೊಳಗೆ ಹೀಟರಿನ ಬಳಿ ಕುಳಿತು, ವಾರಾಂತ್ಯಕ್ಕೊಮ್ಮೆ ಅಳಿಯನ ಕಾರಿನ ಹಿಂದೆ ಮಗುವಿನ ಸೀಟಿಗೆ ಒತ್ತಿಕೊಂಡು ಒಂದಿಷ್ಟು ಊರು ನೋಡಿ, ಫೋಟೋ ತೆಗೆಸಿಕೊಂಡು ಮರಳುವುದು ವಾಡಿಕೆ. ನಾವೂ ಮೊದಲ ಸಲ ಹಾಗೆಯೇ ಮರಳಿದ್ದೆವು. ಎರಡನೆಯ ಸಲ ಹೋದಾಗ ಆ ದಿನಗಳಿಂದ ನಾಲ್ಕು ರಾತ್ರಿಗಳನ್ನು ನಮ್ಮಿಬ್ಬರಿಗೆಂದೇ ಎತ್ತಿಟ್ಟು, ದೇಶದ ನೈಋತ್ಯ ಮೂಲೆಯ ಕೆರಿ ಕೌಂಟಿಯಲ್ಲಿರುವ ಡಿಂಗಲ್ ಎಂಬ ಕಡಲ ಪೇಟೆಯಲ್ಲಿ ತಂಗಿದೆವು. ಅಡಿಕೆ ತೋಟ ಬಿಟ್ಟು ಒಂದು ರಾತ್ರಿಯೂ ಹೊರಗುಳಿಯಲು ಒಪ್ಪದ ನಮ್ಮ ಮನೆಯವರು ಐದನೆಯ ದಿನ ಬಸ್ಸು ಹತ್ತುವಾಗ "ಇನ್ನೊಂದೆರಡು ದಿನ ಇರಬಹುದಿತ್ತು" ಎಂದರು. ನಮ್ಮಂತೆ ಹೋಗಲಿರುವವರಿಗೆ ಉಪಯೋಗವಾದೀತೆಂದು ಅದರ ಸಿದ್ಧತೆಯನ್ನೂ ಅಲ್ಲಿನ ರೀತಿಯನ್ನೂ ಇಲ್ಲಿ ಬರೆದಿದ್ದೇನೆ.

ಊರು ಒಂದೇ ಇರಲಿ

ಐರ್ಲೆಂಡ್ ಭೂಪಟದಲ್ಲಿ ಸಣ್ಣದಾಗಿ ಕಾಣುವುದರಿಂದ, ನಾಲ್ಕು ದಿನ ಸಿಕ್ಕರೆ ಇಡೀ ದೇಶ ಸುತ್ತಿಬಿಡೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ಮೊದಲು ಬಿಡಬೇಕು. ನಾಲ್ಕು ದಿನಗಳಲ್ಲಿ ಒಂದು ದಿನ ಪ್ರಯಾಣದಲ್ಲಿ ಹೋಗುತ್ತದೆ, ಇನ್ನೊಂದು ದಿನ ಮಳೆಯಲ್ಲಿ ಹೋಗುತ್ತದೆ. ಉಳಿದ ಎರಡು ದಿನಗಳಲ್ಲಿ ದಿನಕ್ಕೊಂದು ಊರಿನಂತೆ ಪೆಟ್ಟಿಗೆ ಕಟ್ಟಿ ಬಿಚ್ಚುವುದರಲ್ಲಿ ಯಾವ ಸುಖವೂ ಇಲ್ಲ. ಒಂದೇ ಊರಿನಲ್ಲಿ ಒಂದೇ ಕೋಣೆ ಹಿಡಿದರೆ ಮಳೆ ಬಂದ ದಿನ ಕಿಟಕಿಯ ಬಳಿ ಕುಳಿತಿರಬಹುದು, ಬಿಸಿಲು ಬಂದ ದಿನ ಹೊರಡಬಹುದು.

ಡಿಂಗಲ್‌ನಲ್ಲಿರುವುದು ಸುಮಾರು ಎರಡು ಸಾವಿರ ಜನ. ಮೀನುಗಾರಿಕೆಯ ಬಂದರು, ಅದರಿಂದ ಮೇಲಕ್ಕೆ ಏರುವ ಕೆಲವು ಬೀದಿಗಳು, ನೀಲಿ ಹಳದಿ ಕೆಂಪು ಬಣ್ಣ ಬಳಿದ ಅಂಗಡಿ ಮುಂಗಟ್ಟುಗಳು, ಆಚೆಗೆ 952 ಮೀಟರ್ ಎತ್ತರದ ಬ್ರ್ಯಾಂಡನ್ ಬೆಟ್ಟ. ಪೇಟೆಯ ಒಳಗೆ ಎಲ್ಲಿಗೆ ಹೋಗಲೂ ವಾಹನ ಬೇಕಾಗಿಲ್ಲ ಎನ್ನುವುದು ಮೊಣಕಾಲಿನ ಹಿಂದುಮುಂದು ನೋಡಿ ಹೆಜ್ಜೆಯಿಡುವ ನಮ್ಮಂಥವರಿಗೆ ದೊಡ್ಡ ಅನುಕೂಲ. ಅಷ್ಟು ದೂರ ಬೇಡವೆನ್ನುವವರು ಕಾರ್ಕ್ ನಗರದಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ ತಲಪುವ ಕೋವ್ ಎಂಬ ಬಂದರು ಪೇಟೆಯನ್ನು ಆರಿಸಿಕೊಳ್ಳಬಹುದು. 1912ರ ಏಪ್ರಿಲ್ 11ರಂದು ಟೈಟಾನಿಕ್ ಹಡಗು ಕೊನೆಯದಾಗಿ ನಿಂತು ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು ಅಲ್ಲಿಯೇ. ನನ್ನ ಮಟ್ಟಿಗೆ ಡಿಂಗಲ್ ಹೆಚ್ಚು ಹಿಡಿಸಿತು. ಅದಕ್ಕೆ ಕಡಲಿನಷ್ಟೇ ಅಲ್ಲಿನ ಭಾಷೆಯೂ ಕಾರಣ, ಅದನ್ನು ಮುಂದೆ ಹೇಳುತ್ತೇನೆ.

ಕಾಗದಪತ್ರ

ಐರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿದ್ದರೂ ಷೆಂಗೆನ್ ವಲಯದಲ್ಲಿಲ್ಲ. ನಮಗೆ ಒಬ್ಬ ಏಜೆಂಟ್ ಷೆಂಗೆನ್ ವೀಸಾ ಒಂದಿದ್ದರೆ ಎಲ್ಲ ಕಡೆಗೂ ನಡೆಯುತ್ತದೆ ಎಂದು ಧೈರ್ಯವಾಗಿ ಹೇಳಿದ್ದ. ಅದನ್ನು ನಂಬಿದ್ದರೆ ವಿಮಾನ ನಿಲ್ದಾಣದಿಂದಲೇ ಹಿಂದಿರುಗಬೇಕಾಗುತ್ತಿತ್ತು. ಐರ್ಲೆಂಡಿಗೆ ಬೇಕಾದದ್ದು ಅದರದೇ ಅಲ್ಪಾವಧಿಯ ‘ಸಿ’ ವೀಸಾ. ಅದರಲ್ಲಿ ಗರಿಷ್ಠ 90 ದಿನ ಇರಬಹುದು. ಒಮ್ಮೆ ಪ್ರವೇಶಿಸುವುದಕ್ಕೆ 60 ಯೂರೋ, ಹಲವು ಬಾರಿ ಹೋಗಿಬರುವುದಕ್ಕೆ 100 ಯೂರೋ ಶುಲ್ಕವಿದೆ. ಪ್ರಯಾಣದ ದಿನಕ್ಕಿಂತ ಮೂರು ತಿಂಗಳ ಮೊದಲಿನಿಂದ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದಾದ್ದರಿಂದ, ಆ ಅವಕಾಶ ತೆರೆದ ವಾರದಲ್ಲೇ ಹಾಕುವುದು ಒಳ್ಳೆಯದು. ವೀಸಾ ಕೈಸೇರುವ ತನಕ ವಿಮಾನದ ಟಿಕೆಟ್ಟಿಗೆ ಹಣ ಕಟ್ಟಬೇಡಿ.

ನಮ್ಮ ಕಡೆಯವರಿಗೆ ತೊಡಕಾಗುವುದು ಪುರಾವೆಗಳ ವಿಷಯದಲ್ಲಿ. ಇಂಗ್ಲಿಷಿನಲ್ಲಿ ಇಲ್ಲದ ಪ್ರತಿಯೊಂದು ಕಾಗದಕ್ಕೂ ದೃಢೀಕೃತ ಅನುವಾದ ಜೊತೆಗಿರಬೇಕು. ಕೃಷಿಕರಾದರೆ ಭೂತೆರಿಗೆಯ ರಶೀದಿಯಿಂದ ಹಿಡಿದು ಗ್ರಾಮ ಕಚೇರಿಯ ಪತ್ರಗಳವರೆಗೆ ಹೆಚ್ಚಿನವು ಮಲಯಾಳದಲ್ಲಿರುತ್ತವೆ, ಹಳೆಯ ದಸ್ತಾವೇಜುಗಳು ಕನ್ನಡದಲ್ಲಿರುತ್ತವೆ. ಎರಡಕ್ಕೂ ಅನುವಾದಕರನ್ನು ಹುಡುಕುವ ಹೊತ್ತಿಗೆ ತಿಂಗಳು ಕಳೆಯುತ್ತದೆ. ಸಂಬಳದ ಚೀಟಿ ಇಲ್ಲದ ಅಡಿಕೆ ಬೆಳೆಗಾರರು ಆರು ತಿಂಗಳ ಬ್ಯಾಂಕ್ ಹೇಳಿಕೆಯೊಂದಿಗೆ ಕ್ಯಾಂಪ್ಕೋದಂಥ ಸಹಕಾರಿ ಸಂಸ್ಥೆಗೆ ಅಡಿಕೆ ಹಾಕಿದ ಬಿಲ್ಲುಗಳನ್ನು ಜೋಡಿಸಿದರೆ, ಖಾತೆಗೆ ಬಂದ ಹಣ ಎಲ್ಲಿಂದ ಬಂತೆಂಬುದು ಓದುವವರಿಗೆ ತಿಳಿಯುತ್ತದೆ. ಮೂವತ್ತು ನಲುವತ್ತು ವರ್ಷಗಳ ಹಿಂದೆ ಮನೆಯಂಗಳದ ಚಪ್ಪರದಲ್ಲಿ ಮದುವೆಯಾದವರ ಬಳಿ ಲಗ್ನಪತ್ರಿಕೆಯಲ್ಲದೆ ಬೇರೆ ದಾಖಲೆ ಇರುವುದಿಲ್ಲ. ಅಂಥವರು ಪಂಚಾಯತು ಕಚೇರಿಯಲ್ಲಿ ಮದುವೆ ನೋಂದಾಯಿಸಿ ಪ್ರಮಾಣಪತ್ರ ಪಡೆಯಬೇಕು. ನಾವು ಮದುವೆಯಾಗಿ ಮೂವತ್ತೆರಡು ವರ್ಷದ ಬಳಿಕ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ಸಹಿ ಹಾಕಿ ಬಂದೆವು, ಆ ದಿನ ಸಂಜೆ ಮನೆಯಲ್ಲಿ ಪಾಯಸವೂ ಆಯಿತು. ಮಗಳು ಅಥವಾ ಮಗ ಬರೆದ ಆಹ್ವಾನಪತ್ರದಲ್ಲಿ ಡಿಂಗಲ್‌ನ ನಾಲ್ಕು ರಾತ್ರಿಗಳ ಉಲ್ಲೇಖವೂ ಇರಲಿ. ಅರ್ಜಿಯಲ್ಲಿ ಹೇಳಿದ್ದಕ್ಕೂ ಕೋಣೆಯ ಬುಕಿಂಗಿಗೂ ತಾಳೆಯಾಗಬೇಕು.

ಜೈಂಟ್ಸ್ ಕಾಸ್‌ವೇ ಎಂಬ ಪ್ರಸಿದ್ಧ ಕಲ್ಲಿನ ಕಂಬಗಳ ತೀರ ಉತ್ತರ ಐರ್ಲೆಂಡಿನಲ್ಲಿದೆ, ಅಂದರೆ ಬ್ರಿಟನ್ನಿನ ಆಡಳಿತದಲ್ಲಿದೆ. ಗಡಿಯಲ್ಲಿ ತಡೆಗೋಲು ಕಾಣದಿದ್ದರೂ ಅಲ್ಲಿಗೆ ಹೋಗಲು ಬ್ರಿಟಿಷ್ ವೀಸಾ ಬೇಕು, ಇಲ್ಲವೇ ಐರಿಷ್ ವೀಸಾದ ಮೇಲೆ ಬ್ರಿಟಿಷ್-ಐರಿಷ್ ಜಂಟಿ ಯೋಜನೆಯ ಗುರುತು ಇರಬೇಕು. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿದ ಹಾಗೆ ದಾಟಿಬಿಡಬಹುದೆಂದು ತಿಳಿಯಬಾರದು.

ಯಾವಾಗ ಹೋಗಬೇಕು, ಏನು ಒಯ್ಯಬೇಕು

ಐರ್ಲೆಂಡಿನಲ್ಲಿ ಬಿಸಿಲು ಹೆಚ್ಚಿರುವುದು ಮೇ ಮತ್ತು ಜೂನ್ ತಿಂಗಳಲ್ಲಿ. ಶಿಕ್ಷಕರಿಗೆ ಮೇ ತಿಂಗಳು ಹೇಳಿ ಮಾಡಿಸಿದ್ದು. ತೋಟವಿರುವವರಿಗೆ ಅದು ಆಗದು, ಮೊದಲ ಮಳೆ ಬರುವ ತನಕ ನೀರು ಬಿಡುವ ಕೆಲಸ ನಿಲ್ಲುವುದಿಲ್ಲ, ಅದರ ಬೆನ್ನಿಗೇ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ಗಡಿಬಿಡಿ. ಹಾಗಾಗಿ ನಾವು ಸೆಪ್ಟೆಂಬರನ್ನು ಆರಿಸಿದೆವು. ಎರಡನೆಯ ಸಲದ ಮದ್ದು ಬಿಟ್ಟಾಗಿರುತ್ತದೆ, ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ. ಅತ್ತ ಐರ್ಲೆಂಡಿನಲ್ಲಿ ಶಾಲೆಗಳು ತೆರೆದು ಪ್ರವಾಸಿಗಳ ಗದ್ದಲ ಇಳಿದಿರುತ್ತದೆ, ಜುಲೈ-ಆಗಸ್ಟಿನಲ್ಲಿ ಮುಗಿಲು ಮುಟ್ಟಿದ್ದ ಕೋಣೆಯ ಬಾಡಿಗೆಯೂ ಕೆಳಗಿಳಿಯುತ್ತದೆ. ಸೆಪ್ಟೆಂಬರ್ ಮಧ್ಯದಲ್ಲಿ ಡಿಂಗಲ್‌ನಲ್ಲಿ ಸೂರ್ಯ ಮುಳುಗುವುದು ಎಂಟು ಗಂಟೆಯ ಆಸುಪಾಸಿಗೆ. ಜೂನ್ ಕೊನೆಯಲ್ಲಿ ಹೋದರೆ ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಊಟ ಮಾಡಿ ಮಲಗುವ ಹೊತ್ತು ಯಾವುದೆಂದೇ ನಮ್ಮ ದೇಹಕ್ಕೆ ತಿಳಿಯುವುದಿಲ್ಲ. ಸೆಪ್ಟೆಂಬರಿನ ಇನ್ನೊಂದು ಲಾಭವೆಂದರೆ ರಸ್ತೆಯ ಎರಡೂ ಬದಿಯ ಬೇಲಿಗಳಲ್ಲಿ ಫ್ಯೂಷಿಯಾ ಹೂ ಆಗಲೂ ತೂಗುತ್ತಿರುತ್ತದೆ. ಕಿವಿಯ ಜುಮುಕಿಯಂತೆ ಕೆಳಮುಖವಾಗಿ ನೇತಾಡುವ ಆ ಕೆಂಪು ಹೂವಿಗೆ ಐರಿಷ್ ಭಾಷೆಯಲ್ಲಿ ಡಿಯೋರಾ ಡೇ ಎನ್ನುತ್ತಾರೆ, ಅಂದರೆ ದೇವರ ಕಣ್ಣೀರು.

ಮಳೆ ಯಾವ ತಿಂಗಳಲ್ಲೂ ಬರುತ್ತದೆ. ಕೊಡೆ ಮಾತ್ರ ಒಯ್ಯಬೇಡಿ. ಆಟಿ ತಿಂಗಳ ಮಳೆಯನ್ನು ಕಂಡವರಿಗೆ ಇದೇನು ಮಹಾ ಎಂದುಕೊಂಡು ಊರಿನಿಂದ ಒಯ್ದಿದ್ದ ನಮ್ಮ ಮೂರು ಮಡಿಕೆಯ ಕೊಡೆ ಬಂದರಿನ ಕಟ್ಟೆಯ ಮೇಲೆ ಮೊದಲ ಗಾಳಿಗೇ ಮಗುಚಿ, ಎರಡು ಕಡ್ಡಿ ಮುರಿದು, ಬಟ್ಟೆ ಕಿತ್ತು ಹೋಯಿತು. ನಮ್ಮ ಮಳೆ ಮೇಲಿನಿಂದ ಸುರಿಯುತ್ತದೆ, ಅಲ್ಲಿಯದು ಅಟ್ಲಾಂಟಿಕ್ ಕಡೆಯಿಂದ ಅಡ್ಡಕ್ಕೆ ಬೀಸುತ್ತದೆ. ಟೋಪಿಯಿರುವ ಮಳೆಕೋಟು, ನೀರು ಇಳಿಯದ ಶೂ, ಒಂದರ ಮೇಲೊಂದು ಹಾಕಿ ತೆಗೆಯಬಹುದಾದ ತೆಳು ಉಣ್ಣೆಯ ಉಡುಪುಗಳು ಬೇಕು. ಸೀರೆಯನ್ನು ಮಗಳ ಮನೆಯಲ್ಲಿಯೇ ಬಿಟ್ಟು ಚೂಡಿದಾರದಲ್ಲಿ ಹೋಗುವುದು ಒಳ್ಳೆಯದು. ಒದ್ದೆಯಾದ ನೆರಿಗೆ ಆ ಚಳಿಯಲ್ಲಿ ಬೇಗ ಆರುವುದಿಲ್ಲ. ಪ್ಲಗ್ಗುಗಳು ಬ್ರಿಟನ್ನಿನ ಮಾದರಿಯ ಚೌಕ ಕಾಲಿನ ಮೂರು ಪಿನ್ನಿನವು, ಒಂದು ಅಡಾಪ್ಟರ್ ಸಾಕು.

ತಿಂಡಿಯ ಚೀಲ ಕಟ್ಟುವಾಗ ಐರೋಪ್ಯ ಒಕ್ಕೂಟದ ನಿಯಮ ನೆನಪಿರಲಿ. ಮಾಂಸ ಮತ್ತು ಹಾಲಿನಿಂದ ಮಾಡಿದ ಯಾವುದನ್ನೂ ಹೊರಗಿನಿಂದ ಒಳಗೆ ಬಿಡುವುದಿಲ್ಲ. ಮನೆಯ ತುಪ್ಪಕ್ಕೂ ಪೇಡೆಗೂ ಅದೇ ಗತಿ. ಹಸಿ ಸೊಪ್ಪು, ಹಣ್ಣು, ಗಿಡಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕಾದ್ದರಿಂದ ಕರಿಬೇವನ್ನೂ ವೀಳ್ಯದೆಲೆಯನ್ನೂ ಪೆಟ್ಟಿಗೆಯಿಂದ ತೆಗೆದಿಡಿ. ಆ ಪ್ರಮಾಣಪತ್ರ ಬೇಡದ ಹಣ್ಣುಗಳು ಐದೇ: ಅನಾನಸು, ತೆಂಗಿನಕಾಯಿ, ಬಾಳೆ, ಖರ್ಜೂರ, ಡೂರಿಯನ್. ತೆಂಗಿನಕಾಯಿಗೆ ವಿನಾಯಿತಿ ಕೊಟ್ಟವರು ಯಾರೋ ಕರಾವಳಿಯ ಕಡೆ ನೆಂಟಸ್ತನ ಇದ್ದವರೇ ಇರಬೇಕು ಎಂದು ನಮ್ಮ ಮನೆಯವರ ತೀರ್ಮಾನ. ಅವಲಕ್ಕಿ, ಚಟ್ನಿಪುಡಿ, ಹಲಸಿನ ಹಪ್ಪಳದಂಥ ಒಣ ತಿಂಡಿಗಳನ್ನು ಧಾರಾಳವಾಗಿ ಕಟ್ಟಿಕೊಳ್ಳಿ.

ತಲಪುವ ದಾರಿ

ಡಬ್ಲಿನ್ನಿನ ಹ್ಯೂಸ್ಟನ್ ನಿಲ್ದಾಣದಿಂದ ಕೆರಿಯ ಮುಖ್ಯ ಪಟ್ಟಣವಾದ ಟ್ರಲೀಗೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಹೆಚ್ಚಿನ ಸಲ ನಡುವೆ ಮ್ಯಾಲೋ ಎಂಬಲ್ಲಿ ರೈಲು ಬದಲಿಸಬೇಕು. ಟ್ರಲೀಯಿಂದ ಡಿಂಗಲ್‌ಗೆ ಸುಮಾರು 50 ಕಿಲೋಮೀಟರ್ ದೂರವನ್ನು ಬಸ್ಸು ಒಂದೂಕಾಲು ಗಂಟೆಯಲ್ಲಿ ಕ್ರಮಿಸುತ್ತದೆ. ದಿನಕ್ಕೆ ಇರುವ ಬಸ್ಸುಗಳು ಬೆರಳೆಣಿಕೆಯವು, ಆದ್ದರಿಂದ ಮೊದಲು ಬಸ್ಸಿನ ಹೊತ್ತು ನೋಡಿ ಆಮೇಲೆ ರೈಲಿನ ಟಿಕೆಟ್ ಕೊಳ್ಳಿ. ಒಂದು ಕಾಲಕ್ಕೆ ಇದೇ ದಾರಿಯಲ್ಲಿ ಕಿರುರೈಲು ಓಡುತ್ತಿತ್ತು. 1891ರಲ್ಲಿ ಶುರುವಾಗಿ 1953ರಲ್ಲಿ ಪೂರ್ತಿ ನಿಂತಿತು.

ಕಾರು ಬಾಡಿಗೆಗೆ ಹಿಡಿಯುವ ಧೈರ್ಯವಿದ್ದರೆ, ಅಲ್ಲಿಯೂ ವಾಹನ ಓಡುವುದು ಎಡಗಡೆಯಲ್ಲೇ. ಪ್ರವಾಸಿಗಳು ಊರಿನ ಲೈಸೆನ್ಸಿನಲ್ಲಿಯೇ ಓಡಿಸಬಹುದು, ಜೊತೆಗೆ ಅಂತಾರಾಷ್ಟ್ರೀಯ ಪರವಾನಗಿಯಿದ್ದರೆ ಬಾಡಿಗೆ ಕಚೇರಿಯಲ್ಲಿ ಮಾತು ಕಡಿಮೆಯಾಗುತ್ತದೆ. ಗ್ರಾಮೀಣ ಸಣ್ಣ ರಸ್ತೆಗಳ ವೇಗಮಿತಿಯನ್ನು 2025ರ ಫೆಬ್ರವರಿಯಲ್ಲಿ ಗಂಟೆಗೆ 80 ಕಿಲೋಮೀಟರಿನಿಂದ 60ಕ್ಕೆ ಇಳಿಸಿದ್ದಾರೆ. ರಸ್ತೆಯ ಅಗಲ ನೋಡಿದರೆ ಅದೂ ಹೆಚ್ಚೇ. ಮುಳ್ಳೇರಿಯದ ಒಳದಾರಿಗಳಲ್ಲಿ ಎದುರಿನ ಜೀಪಿಗೆ ದಾರಿ ಬಿಡಲು ಹಿಂದಕ್ಕೆ ಹೋಗಿ ಅಭ್ಯಾಸವಿದ್ದವರಿಗೆ ಇದು ಹೊಸತಲ್ಲ. ಕಾನರ್ ಪಾಸ್ ಎಂಬ ಘಾಟಿಯ ರಸ್ತೆ ನೋಡಲು ಸೊಗಸು, ಆದರೆ ದೊಡ್ಡ ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲದಷ್ಟು ಇಕ್ಕಟ್ಟು. ಮೊದಲ ದಿನವೇ ಆ ದಾರಿ ಹಿಡಿಯಬೇಡಿ. ನಾವು ಕಾರು ಹಿಡಿಯಲಿಲ್ಲ. ಪೇಟೆಯಿಂದಲೇ ಹೊರಡುವ ಮಿನಿಬಸ್ಸುಗಳಿವೆ, ಸ್ಥಳೀಯ ಚಾಲಕನೇ ಕಥೆಯನ್ನೂ ಹೇಳುತ್ತಾನೆ.

ಕೋಣೆ ಮತ್ತು ಊಟ

ಹೋಟೆಲಿಗಿಂತ ಬಿ ಆ್ಯಂಡ್ ಬಿ ಎಂದು ಕರೆಯುವ ಮನೆವಾಸದ ಕೋಣೆ ದಂಪತಿಗಳಿಗೆ ಹಿತ. ಬುಕ್ ಮಾಡುವಾಗ ಕೇಳಬೇಕಾದದ್ದು ಮೂರು: ಬಚ್ಚಲು ಕೋಣೆಯೊಳಗೇ ಇದೆಯೇ, ಮೆಟ್ಟಿಲು ಎಷ್ಟು, ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಇದೆಯೇ. ಅನ್ನವಿಲ್ಲದೆ ಎರಡು ದಿನ ಕಳೆಯಲಾರದವರು ಅಡುಗೆಮನೆಯಿರುವ ಬಾಡಿಗೆ ಮನೆಯನ್ನೇ ನೋಡಲಿ, ಪೇಟೆಯಲ್ಲಿ ಸೂಪರ್‌ಮಾರ್ಕೆಟ್ ಇದೆ.

ಸಸ್ಯಾಹಾರಿಗಳು ಎಚ್ಚರ ವಹಿಸಬೇಕಾದದ್ದು ಬೆಳಗಿನ ಹೊತ್ತಿನಲ್ಲಿ. ಐರಿಷ್ ಬೆಳಗಿನ ತಿಂಡಿಯೆಂದರೆ ಸಾಸೇಜು, ಹಂದಿಯ ತೆಳುಸೀಳು, ಮೊಟ್ಟೆ, ಬೀನ್ಸ್, ಹುರಿದ ಟೊಮೇಟೊ, ಮತ್ತು ಕಪ್ಪಾದ ದುಂಡು ಬಿಲ್ಲೆ. ಆ ಬಿಲ್ಲೆಯ ಹೆಸರು ಬ್ಲ್ಯಾಕ್ ಪುಡಿಂಗ್. ಪುಡಿಂಗ್ ಎಂಬ ಹೆಸರು ಕೇಳಿ ಸಿಹಿಯೆಂದು ಭಾವಿಸಿ ನಾನು ಕೈಚಾಚಿದ್ದೆ. ಅದು ಪ್ರಾಣಿಯ ರಕ್ತ ಸೇರಿಸಿ ಮಾಡುವಂಥದ್ದೆಂದು ಮನೆಯೊಡತಿ ಹೇಳಿದ ಮೇಲೆ ಅದೇ ಕೈಯನ್ನು ಬ್ರೆಡ್ಡಿನ ಕಡೆಗೆ ತಿರುಗಿಸಿದೆ. ಬಿಳಿ ಪುಡಿಂಗಿನಲ್ಲಿ ರಕ್ತವಿಲ್ಲ, ಮಾಂಸವಿದೆ. ಹಿಂದಿನ ರಾತ್ರಿಯೇ ಹೇಳಿದರೆ ಓಟ್ಸ್ ಗಂಜಿ, ಹಣ್ಣು, ಅಣಬೆ ಮಾಡಿಕೊಡುತ್ತಾರೆ. ಸೋಡಾ ಬ್ರೆಡ್ಡನ್ನು ಯೀಸ್ಟ್ ಇಲ್ಲದೆ ಅಡುಗೆ ಸೋಡಾ ಮತ್ತು ಮಜ್ಜಿಗೆ ಹಾಕಿ ಸುಡುತ್ತಾರೆ. ಅದರ ಮೇಲೆ ಕೆರಿಯ ಬೆಣ್ಣೆ ಹಚ್ಚಿ, ನಮ್ಮ ಚಟ್ನಿಪುಡಿ ಉದುರಿಸಿ ತಿಂದರೆ ಮಧ್ಯಾಹ್ನದ ತನಕ ಹಸಿವಿಲ್ಲ. ತರಕಾರಿ ಸೂಪ್ ಎಂದಿದ್ದರೂ ಕೋಳಿಯ ಸಾರಿನಲ್ಲಿ ಮಾಡಿದ್ದೋ ಎಂದು ಕೇಳಿಯೇ ತರಿಸಬೇಕು. ಮರ್ಫೀಸ್ ಐಸ್‌ಕ್ರೀಮ್ 2000ದಲ್ಲಿ ಈ ಪೇಟೆಯಲ್ಲೇ ಇಬ್ಬರು ಸಹೋದರರು ಆರಂಭಿಸಿದ್ದು. ಡಿಂಗಲ್ ಕಡಲಿನ ಉಪ್ಪು ಹಾಕಿದ ಐಸ್‌ಕ್ರೀಮ್ ಅವರಲ್ಲಿ ಹೆಸರುವಾಸಿ. ಅದಕ್ಕೆ ಮೊಟ್ಟೆ ಹಾಕುತ್ತಾರೆ ಎಂಬುದನ್ನು ಮೊಟ್ಟೆ ಮುಟ್ಟದವರಿಗೆ ಹೇಳಬೇಕಾದ್ದು ನನ್ನ ಕರ್ತವ್ಯ. ಮೀನು ತಿನ್ನುವವರ ವಿಷಯದಲ್ಲಿ ಉಪದೇಶ ಬೇಡ, ಬಂದರು ಎದುರಿಗೇ ಇದೆ.

ಸಂಜೆಯ ಊಟವನ್ನು ಏಳು ಗಂಟೆಗೆಲ್ಲ ಮುಗಿಸಿ. ಅಡುಗೆಮನೆಗಳು ಒಂಬತ್ತರ ಹೊತ್ತಿಗೆ ಮುಚ್ಚುತ್ತವೆ. ಮೊದಲ ರಾತ್ರಿ ಊರಿನ ಲೆಕ್ಕದಲ್ಲಿ ಒಂಬತ್ತಕ್ಕೆ ಹೊರಟ ನಾವು ನಾಲ್ಕು ಬಾಗಿಲು ತಟ್ಟಿ ಕೋಣೆಗೆ ಮರಳಿ, ಕೆಟಲಿನ ಬಿಸಿನೀರಿನಲ್ಲಿ ಅವಲಕ್ಕಿ ನೆನೆಸಿಕೊಂಡು ತಿಂದೆವು.

ಹೆಸರು ಎರಡು, ಫಲಕ ಒಂದು

ಡಿಂಗಲ್ ಇರುವುದು ಗೇಲ್ಟಾಖ್ಟ್‌ನಲ್ಲಿ, ಅಂದರೆ ಐರಿಷ್ ಭಾಷೆ ದಿನಬಳಕೆಯಲ್ಲಿ ಉಳಿದಿದೆಯೆಂದು ಸರ್ಕಾರ ಗುರುತಿಸಿದ ಪ್ರದೇಶದಲ್ಲಿ. ಇಲ್ಲಿನ ರಸ್ತೆ ಫಲಕಗಳಲ್ಲಿ ಊರ ಹೆಸರುಗಳು ಐರಿಷಿನಲ್ಲಿ ಮಾತ್ರ ಇರುತ್ತವೆ, ಫೋನಿನ ಭೂಪಟ ಮಾತ್ರ ಇಂಗ್ಲಿಷ್ ಹೆಸರು ಹೇಳುತ್ತಿರುತ್ತದೆ. ಸ್ಲೀ ಹೆಡ್ ಎಂದು ಹುಡುಕುತ್ತಾ ಹೋದವರಿಗೆ ಕಾಣುವುದು ಕ್ಯಾನ್ ಶ್ಲೇವೆ, ವೆಂಟ್ರಿ ಎಂಬ ಊರಿನ ಫಲಕದಲ್ಲಿರುವುದು ಕ್ಯಾನ್ ಟ್ರಾ. ಹೊರಡುವ ಮೊದಲು ಹೋಗಬೇಕಾದ ಊರುಗಳ ಎರಡೂ ಹೆಸರುಗಳನ್ನು ಒಂದು ಚೀಟಿಯಲ್ಲಿ ಎದುರುಬದುರಾಗಿ ಬರೆದಿಟ್ಟುಕೊಳ್ಳಿ. ಕುಂಬಳೆಯನ್ನು ಕುಂಬಳವೆಂದೂ ಮಂಜೇಶ್ವರವನ್ನು ಮಂಜೇಶ್ವರಂ ಎಂದೂ ಬರೆದ ಬಸ್ಸಿನ ಬೋರ್ಡು ಓದಿ ಹತ್ತುವ ನಮಗೆ ಇದರ ಅಭ್ಯಾಸ ಬೇಗ ಆಗುತ್ತದೆ.

ಈ ಪೇಟೆಯ ಹೆಸರಿಗೇ ಒಂದು ಜಗಳದ ಚರಿತ್ರೆಯಿದೆ. 2005ರಲ್ಲಿ ಜಾರಿಗೆ ಬಂದ ಸರ್ಕಾರದ ಆದೇಶದಿಂದ ಡಿಂಗಲ್ ಎಂಬ ಇಂಗ್ಲಿಷ್ ಹೆಸರು ಅಧಿಕೃತ ಸ್ಥಾನ ಕಳೆದುಕೊಂಡು ಅನ್ ಡಾಂಗನ್ ಎಂಬ ಹೆಸರಷ್ಟೇ ಉಳಿಯಿತು. ಪ್ರವಾಸಿಗಳು ದಾರಿ ತಪ್ಪುತ್ತಾರೆಂದೂ, ತಮ್ಮನ್ನು ಕೇಳದೆ ಹೆಸರು ಬದಲಿಸಿದರೆಂದೂ ಊರವರು ಸಿಟ್ಟಾದರು. 2006ರಲ್ಲಿ ನಡೆದ ಜನಮತದಲ್ಲಿ ಬಹುಪಾಲು ಜನ ಎರಡು ಹೆಸರುಗಳ ಪರವಾಗಿ ನಿಂತರು. 2011ರ ಕಾಯ್ದೆಯ ತಿದ್ದುಪಡಿಯಿಂದ ಇಂಗ್ಲಿಷಿನಲ್ಲಿ ಡಿಂಗಲ್, ಐರಿಷಿನಲ್ಲಿ ಡಾಂಗನ್ ಈ ಖೂಶ್ ಎಂದು ತೀರ್ಮಾನವಾಯಿತು. ಇಲ್ಲಿ ತನ್ನ ಭಾಷೆಗಾಗಿ ಹೆಸರು ಬದಲಿಸಿದ ಸರ್ಕಾರದ ಮೇಲೇ ಆ ಭಾಷೆಯ ಊರವರು ಮುನಿದದ್ದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ನಂತರದ ನಮ್ಮ ಕಥೆಗೆ ಇದು ಪೂರ್ತಿ ಹೊಂದುವುದಿಲ್ಲ, ಆದರೂ ಮಿನಿಬಸ್ಸಿನ ಚಾಲಕ ಇದನ್ನು ಹೇಳುತ್ತಿದ್ದಾಗ ನಮ್ಮಿಬ್ಬರಿಗೂ ಮಧ್ಯೆ ಮಧ್ಯೆ ವಿವರಣೆ ಕೇಳಬೇಕಾಗಲಿಲ್ಲ.

ಇಂಗ್ಲಿಷ್ ಎಲ್ಲರಿಗೂ ಬರುತ್ತದೆ. ಆದರೂ "ಗುರೆವ್ ಮಾ ಅಗತ್" ಎಂಬ ಧನ್ಯವಾದದ ಮಾತೊಂದನ್ನು ಕಲಿತು ಹೋಗಿ, ಅಂಗಡಿಯವರ ಮುಖ ಅರಳುತ್ತದೆ. ಶೌಚಾಲಯದ ಬಾಗಿಲಿನಲ್ಲಿ ಮಾತ್ರ ಅವಸರ ಬೇಡ. ‘ಎಫ್’ ಅಕ್ಷರದಿಂದ ಶುರುವಾಗುವ ‘ಫಿರ್’ ಗಂಡಸರದು, ‘ಎಂ’ ಅಕ್ಷರದ ‘ಮ್ನಾ’ ಹೆಂಗಸರದು. ಇಂಗ್ಲಿಷಿನ ಮೊದಲ ಅಕ್ಷರ ನೋಡಿ ಒಳನುಗ್ಗಿದರೆ ಫಜೀತಿ, ನಮ್ಮ ಮನೆಯವರು ಅನುಭವಿಗಳು.

ಬಿಸಿಲಿನ ದಿನದ ಸುತ್ತು

ಬೆಳಿಗ್ಗೆ ಎದ್ದು ಆಕಾಶ ತಿಳಿಯಾಗಿದ್ದರೆ ಬೇರೇನೂ ಯೋಚಿಸದೆ ಸ್ಲೀ ಹೆಡ್ ಸುತ್ತಿಗೆ ಹೊರಡಿ. ಡಿಂಗಲ್‌ನಿಂದ ಪಶ್ಚಿಮಕ್ಕೆ ಹೋಗಿ ಪುನಃ ಡಿಂಗಲ್‌ಗೆ ಬರುವ ಸುಮಾರು 47 ಕಿಲೋಮೀಟರಿನ ವರ್ತುಲ ರಸ್ತೆಯಿದು. ದೊಡ್ಡ ಬಸ್ಸುಗಳೆಲ್ಲ ಪ್ರದಕ್ಷಿಣೆಯಾಗಿ ಹೋಗುವುದರಿಂದ ನೀವೂ ಹಾಗೆಯೇ ಹೋಗಬೇಕು. ಅಪ್ರದಕ್ಷಿಣೆ ಹೊರಟರೆ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಡಲು, ಎದುರಿಗೆ ಬಸ್ಸು. ಒಂದೆಡೆ ಬೆಟ್ಟದ ತೋಡು ರಸ್ತೆಯ ಮೇಲೆಯೇ ಹರಿದು ಕಡಲಿಗೆ ಇಳಿಯುತ್ತದೆ, ವಾಹನಗಳು ಅದರೊಳಗೇ ದಾಟುತ್ತವೆ. ಫಾಹನ್ ಎಂಬಲ್ಲಿ ಜೇನುಗೂಡಿನಾಕಾರದ ಹಳೆಯ ಕಲ್ಲುಗುಡಿಸಲುಗಳಿವೆ, ಜಮೀನಿನ ಒಡೆಯರಿಗೆ ಸಣ್ಣ ಮೊತ್ತ ಕೊಟ್ಟು ಒಳಗೆ ಹೋಗಬಹುದು, ಚಿಲ್ಲರೆ ಇಟ್ಟುಕೊಳ್ಳಿ.

ಈ ಸುತ್ತಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಗ್ಯಾಲರಸ್ ಎಂಬ ಕಲ್ಲಿನ ಪ್ರಾರ್ಥನಾಗೃಹದ ಬಳಿ. ಮಗುಚಿ ಹಾಕಿದ ದೋಣಿಯ ಆಕಾರದ ಈ ಪುಟ್ಟ ಕಟ್ಟಡದ ಕಾಲವನ್ನು ವಿದ್ವಾಂಸರು 6ರಿಂದ 12ನೇ ಶತಮಾನದ ನಡುವೆ ಎಲ್ಲೆಲ್ಲೋ ಇಡುತ್ತಾರೆ. ಸುಣ್ಣವಿಲ್ಲ, ಗಾರೆಯಿಲ್ಲ. ಪ್ರತಿ ಸಾಲನ್ನೂ ಕೆಳಗಿನದಕ್ಕಿಂತ ಚೂರು ಒಳಕ್ಕೆ ಚಾಚಿ ಪೇರಿಸುತ್ತಾ ಹೋಗಿ ಮೇಲೆ ಎರಡು ಪಕ್ಕವನ್ನೂ ಕೂಡಿಸಿದ್ದಾರೆ. ಕಲ್ಲುಗಳನ್ನು ಹೊರಗಡೆಗೆ ತುಸು ಇಳಿಜಾರಾಗಿ ಕೂರಿಸಿರುವುದರಿಂದ ಮಳೆನೀರು ಒಳಗೆ ಬಾರದೆ ಹೊರಗೇ ಜಾರುತ್ತದೆ. ಪಡುಗಡೆಗೆ ತಗ್ಗಾದ ಬಾಗಿಲು, ಮೂಡಗಡೆಗೆ ಒಂದೇ ಒಂದು ಸಣ್ಣ ಕಿಂಡಿ. ಮಣ್ಣಿಲ್ಲದೆ ಮುರಕಲ್ಲಿನ ಅಗಳುಗಟ್ಟೆ ಕಟ್ಟಿಸಿ, ಪ್ರತಿ ಮಳೆಗಾಲ ಅದರ ಒಂದೊಂದು ಭಾಗ ಕುಸಿಯುವುದನ್ನು ಕಂಡಿರುವ ನಮ್ಮ ಮನೆಯವರು ಒಳಗೆ ನಿಂತು ಗೋಡೆಯ ಸಂದುಗಳಿಗೆ ಬೆರಳು ತೂರಿಸಿ ನೋಡಿದರು. ಉಗುರು ಕೂಡ ಹೋಗದ ಜಾಗಗಳಿದ್ದವು. "ಇದು ಎಂಥ ಮಾರಾಯ್ತಿ, ಇಲ್ಲಿ ಒಂದು ಹನಿ ಒದ್ದೆ ಇಲ್ಲ" ಎಂದು ನೆಲವನ್ನೂ ಮುಟ್ಟಿ ನೋಡಿದರು. ಮಿನಿಬಸ್ಸಿನಲ್ಲಿ ಹೋಗುವುದಾದರೆ ಇಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆಂದು ಟಿಕೆಟ್ ಕೊಳ್ಳುವಾಗಲೇ ಕೇಳಿ, ಹತ್ತು ನಿಮಿಷವೆಂದರೆ ಬೇರೆಯವರನ್ನು ನೋಡಿ.

ಕಡಲು

ಬೇಕಲದ ಕೋಟೆಯಿಂದ ನೋಡಿದರೂ ಇಲ್ಲಿಂದ ನೋಡಿದರೂ ಸೂರ್ಯ ಕಡಲಿಗೇ ಇಳಿಯುತ್ತಾನೆ, ಆದರೆ ಈ ಕಡಲಿಗೆ ನಾವು ಇಳಿಯುವಂತಿಲ್ಲ. ಸೆಪ್ಟೆಂಬರಿನಲ್ಲಿಯೂ ನೀರಿನ ಬಿಸಿ 15 ಡಿಗ್ರಿಯ ಆಸುಪಾಸು. ಸ್ಲೀ ಹೆಡ್ ಬಳಿಯ ಕುಮಿನೂಲ್ ಎಂಬ ಚಂದದ ಮರಳಿನಲ್ಲಿ ಸೆಳೆತ ಬಲವಾಗಿದೆ, ಅಲ್ಲಿ ಈಜಬಾರದು. ಕಾಲು ಒದ್ದೆ ಮಾಡಿಕೊಳ್ಳಬೇಕೆಂದರೆ ಡಿಂಗಲ್‌ನಿಂದ ಪೂರ್ವಕ್ಕಿರುವ, ಸುಮಾರು 5 ಕಿಲೋಮೀಟರ್ ಉದ್ದದ ಇಂಚ್ ಮರಳದಂಡೆಗೆ ಹೋಗಿ. ಕೆಂಪು-ಹಳದಿ ಬಾವುಟಗಳ ನಡುವಿನ ಜಾಗವೇ ಜೀವರಕ್ಷಕರ ಕಣ್ಣಿರುವ ಜಾಗ, ಕೆಂಪು ಬಾವುಟವಿದ್ದರೆ ನೀರಿನ ತಂಟೆ ಬೇಡ. ಮರಳಿನ ಮೇಲೆ ಕಾರು ಇಳಿಸಿ ಭರತದ ಹೊತ್ತಿಗೆ ಹೂತುಹೋಗುವವರೂ ಇದ್ದಾರೆ. ತುರ್ತಿಗೆ ಕರೆಯಬೇಕಾದ ಸಂಖ್ಯೆ 112.

ಗ್ರೇಟ್ ಬ್ಲಾಸ್ಕೆಟ್ ದ್ವೀಪಕ್ಕೆ ಬೇಸಿಗೆಯಲ್ಲಿ ದೋಣಿಗಳಿವೆ. ಅಲ್ಲಿ ಉಳಿದಿದ್ದ ಕೊನೆಯ 22 ಜನರನ್ನು 1953ರ ನವೆಂಬರಿನಲ್ಲಿ ಸರ್ಕಾರ ಮುಖ್ಯಭೂಮಿಗೆ ಕರೆತಂದಿತು, ಚಳಿಗಾಲದಲ್ಲಿ ವಾರಗಟ್ಟಲೆ ದೋಣಿ ಹೋಗದೆ ವೈದ್ಯರೂ ಸಿಗದೆ ಅಲ್ಲಿ ಬದುಕುವುದು ಅಸಾಧ್ಯವಾಗಿತ್ತು. ಈಗ ಇರುವುದು ಮಾಡು ಇಲ್ಲದ ಮನೆಗಳ ಗೋಡೆಗಳು, ಕುರಿಗಳು, ದಂಡೆಯಲ್ಲಿ ಸೀಲುಗಳು. ಇಳಿಯುವಾಗ ದೋಣಿಯಿಂದ ಸಣ್ಣ ರಬ್ಬರ್ ದೋಣಿಗೆ ದಾಟಬೇಕಾದ್ದರಿಂದ ಮೊಣಕಾಲು ಗಟ್ಟಿಯಿಲ್ಲದವರು ಆಸೆ ಬಿಟ್ಟು, ಎದುರು ದಡದ ಡನ್‌ಕ್ವಿನ್‌ನಲ್ಲಿರುವ ಬ್ಲಾಸ್ಕೆಟ್ ಕೇಂದ್ರದ ದೊಡ್ಡ ಕಿಟಕಿಯಿಂದ ದ್ವೀಪವನ್ನು ನೋಡಬಹುದು. ನಾವು ಹಾಗೆಯೇ ಮಾಡಿದೆವು. ದೋಣಿ ಹತ್ತುವವರು ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು, ಗಾಳಿ ಎದ್ದರೆ ದೋಣಿ ಇಲ್ಲ.

ಬಂದರಿನ ಬಳಿ ಒಂದು ಕಂಚಿನ ಡಾಲ್ಫಿನ್ ಇದೆ. ಫಂಗಿ ಎಂದು ಜನ ಹೆಸರಿಟ್ಟಿದ್ದ ಒಂಟಿ ಡಾಲ್ಫಿನ್ 1983ರಲ್ಲಿ ಈ ಬಂದರಿನ ಬಾಯಿಗೆ ಬಂದು, ಮೂವತ್ತೇಳು ವರ್ಷ ದೋಣಿಗಳ ಜೊತೆ ಆಡಿಕೊಂಡಿದ್ದು, 2020ರ ಅಕ್ಟೋಬರಿನಲ್ಲಿ ಕಾಣದಾಯಿತು. ಊರವರು ದಿನಗಟ್ಟಲೆ ಹುಡುಕಿದರಂತೆ. ಮೂರ್ತಿಯ ಬಳಿ ನಿಂತಿದ್ದ ಅಜ್ಜಿಯೊಬ್ಬರಿಗೆ ನಾನು ನಮ್ಮ ಅನಂತಪುರ ಕೆರೆಯ ಮೊಸಳೆ ಬಬಿಯಾಳ ಕಥೆ ಹೇಳಿದೆ. ದೇವಸ್ಥಾನದ ನೈವೇದ್ಯ ತಿಂದುಕೊಂಡಿದ್ದು 2022ರ ಅಕ್ಟೋಬರಿನಲ್ಲಿ ತೀರಿಕೊಂಡದ್ದು, ಅಂತಿಮ ದರ್ಶನಕ್ಕೆ ಊರಿಗೆ ಊರೇ ಬಂದದ್ದು, ಎಲ್ಲವನ್ನೂ ಆಕೆ ಒಂದಿಷ್ಟೂ ನಗದೆ ಕೇಳಿದರು.

ಸಂಜೆ

ಪಬ್ ಎಂದರೆ ಕುಡಿಯುವ ಜಾಗವೆಂದು ನಮ್ಮವರು ಒಳಗೇ ಹೋಗುವುದಿಲ್ಲ. ಅಲ್ಲಿ ಸೋಡಾ ತರಿಸಿಕೊಂಡು ಎರಡು ಗಂಟೆ ಕುಳಿತರೂ ಯಾರೂ ಏಳಿಸುವುದಿಲ್ಲ. ಫಾಕ್ಸಿ ಜಾನ್ಸ್ ಎಂಬ ಪಬ್ಬಿನಲ್ಲಿ ಒಂದು ಕಡೆಯ ಕಟ್ಟೆಯಲ್ಲಿ ಬಿಯರ್ ಸುರಿಯುತ್ತಿದ್ದರೆ, ಎದುರು ಕಡೆಯ ಕಪಾಟುಗಳಲ್ಲಿ ಮೊಳೆ, ತಿರುಪು, ಬಣ್ಣದ ಡಬ್ಬ, ಕತ್ತರಿ. ಹಿಂದಿನ ಕಾಲದಲ್ಲಿ ಒಂದೇ ಅಂಗಡಿಯಲ್ಲಿ ಎರಡೂ ವ್ಯಾಪಾರ ನಡೆಯುತ್ತಿದ್ದುದರ ಉಳಿಕೆಯಿದು. ಡಿಕ್ ಮ್ಯಾಕ್ಸ್ ಎಂಬಲ್ಲಿ ಮೊಳೆಯ ಬದಲು ಚರ್ಮದ ಕೆಲಸ. ನಮ್ಮ ಮನೆಯವರು ಮೊದಲನೆಯದರಲ್ಲಿ ಕಾಳುಮೆಣಸಿನ ಬಳ್ಳಿ ಕಟ್ಟಲು ಒಂದು ಉಂಡೆ ಹುರಿ ಕೊಂಡರು.

ಒಂಬತ್ತೂವರೆಯ ಬಳಿಕ ಹಲವು ಪಬ್ಬುಗಳಲ್ಲಿ ಸಂಗೀತ ಶುರುವಾಗುತ್ತದೆ. ವೇದಿಕೆಯಿಲ್ಲ, ಪಿಟೀಲು, ಕೊಳಲು, ಅಕಾರ್ಡಿಯನ್ ಹಿಡಿದವರು ಒಂದು ಮೂಲೆಯ ಮೇಜಿನ ಸುತ್ತ ನಮ್ಮ ಕಡೆಗೆ ನೋಡದೆ ಒಬ್ಬರನ್ನೊಬ್ಬರು ನೋಡುತ್ತಾ ನುಡಿಸುತ್ತಾರೆ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಎದುರುಬದುರು ಕುಳಿತ ಹಾಗೆಯೇ. ಆ ಮೂಲೆಯ ಖಾಲಿ ಕುರ್ಚಿಗಳಲ್ಲಿ ಕೂರಬಾರದು, ಅವು ತಡವಾಗಿ ಬರುವ ವಾದಕರದ್ದು. ಕೇಳದೆ ವಿಡಿಯೋ ತೆಗೆಯಬಾರದು. ಯಾರಾದರೂ ಒಬ್ಬರೇ ಹಾಡಲು ತೊಡಗಿದರೆ ಇಡೀ ಪಬ್ ಸದ್ದಡಗುತ್ತದೆ, ನೀವೂ ಸುಮ್ಮನಾಗಬೇಕು. ಪಕ್ಕದವರು ನಿಮಗೂ ಪಾನೀಯ ತರಿಸಿದರೆ ಮುಂದಿನ ಸರದಿ ನಿಮ್ಮದೆಂದು ಲೆಕ್ಕ. ಡಿಸೆಂಬರಿನಲ್ಲಿ ಹೋಗುವವರಿಗೆ 26ನೇ ತಾರೀಕು ಬೇರೆಯೇ ನೋಟವಿದೆ. ಅಂದು ಒಣಹುಲ್ಲಿನ ವೇಷ ತೊಟ್ಟ ತಂಡಗಳು ಡೋಲು ಕೊಳಲುಗಳೊಂದಿಗೆ ಬೀದಿಗಿಳಿಯುತ್ತವೆ. ತಿರಿ, ಅಂದರೆ ತೆಂಗಿನ ಎಳೆಗರಿ, ಉಟ್ಟು ಮನೆಮನೆಗೆ ಬರುವ ಆಟಿ ಕಳಂಜನನ್ನು ಕಂಡವರು ಆ ವೇಷವನ್ನು ನೋಡಿ ಬೆಚ್ಚುವುದಿಲ್ಲ.

ಊರಿಗೆ ಫೋನ್ ಮಾಡುವುದನ್ನು ಸಂಜೆಗೆ ಇಡಬೇಡಿ. ಬೇಸಿಗೆಯಲ್ಲಿ ನಾವು ನಾಲ್ಕೂವರೆ ಗಂಟೆ ಮುಂದಿರುವುದರಿಂದ ಅಲ್ಲಿ ಸೂರ್ಯ ಮುಳುಗುವಾಗ ತೋಟ ನೋಡಿಕೊಳ್ಳುವವನು ಅರ್ಧ ನಿದ್ದೆಯಲ್ಲಿರುತ್ತಾನೆ.

ಹೊರಡುವ ದಿನ

ಪ್ಲಾಸ್ಟಿಕ್ ಬಾಟಲಿ ಮತ್ತು ಡಬ್ಬಿಗಳ ಪಾನೀಯ ಕೊಳ್ಳುವಾಗ ಅರ್ಧ ಲೀಟರಿನ ತನಕ 15 ಸೆಂಟ್, ಅದಕ್ಕಿಂತ ದೊಡ್ಡದಕ್ಕೆ 25 ಸೆಂಟ್ ಠೇವಣಿ ಹಿಡಿಯುತ್ತಾರೆ. 2024ರ ಫೆಬ್ರವರಿಯಿಂದ ಬಂದ ಪದ್ಧತಿಯಿದು. ಬಾಟಲಿಗಳನ್ನು ಜಜ್ಜದೆ ಕೂಡಿಟ್ಟು ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಅಲ್ಲೇ ನಗದು ಮಾಡಿಕೊಳ್ಳಬಹುದು. ನಮಗೆ ಒಂದು ಯೂರೋ ಹತ್ತು ಸೆಂಟ್ ಸಿಕ್ಕಿತು. ಊರಿಗೆ ಮರಳುವ ವಿಮಾನ ಇರುವ ದಿನವೇ ಡಿಂಗಲ್‌ನಿಂದ ಹೊರಡುವ ಸಾಹಸ ಮಾಡಬೇಡಿ. ಬಸ್ಸು ತಪ್ಪಿದರೆ ಟ್ರಲೀಯ ರೈಲೂ ತಪ್ಪುತ್ತದೆ, ನಡುವೆ ಒಂದು ರಾತ್ರಿಯಾದರೂ ಡಬ್ಲಿನ್ನಿನಲ್ಲಿರಲಿ. ಟ್ರಲೀಗೆ ಹೋಗುವಾಗ ಬಸ್ಸಿನ ಎಡಬದಿಯ ಸೀಟು ಹಿಡಿಯಿರಿ, ದಾರಿಯ ಒಂದು ಭಾಗದಲ್ಲಿ ಕೊಲ್ಲಿಯ ನೀರು ಆ ಕಡೆಯಿಂದ ಕಾಣುತ್ತದೆ.